ತರಗೆಲೆ, ತೋಡು, ತಾಮ್ರ: ನನ್ನ ಅನುಭವ

ಮರದಿಂದ ಉದುರಿದ ಎಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿದ್ದ ಮೇಲೆ ಏನಾಗುತ್ತದೆ? ನನ್ನ ಇಷ್ಟು ವರ್ಷದ ಸಂಶೋಧನೆ ಈ ಒಂದು ಪ್ರಶ್ನೆಯ ಸುತ್ತವೇ ನಡೆದಿದೆ. ಕೊಳೆಯುತ್ತದೆ, ಇನ್ನೇನು ಎಂದು ಕೇಳುವವರು ಜಾಸ್ತಿ. ಹೌದು, ಕೊಳೆಯುತ್ತದೆ. ಆದರೆ ತಾನಾಗಿ ಕೊಳೆಯುವುದಿಲ್ಲ, ಕೊಳೆಸುವವರು ಇದ್ದಾರೆ. ಯಾರು ಅವರು? ಯಾವ ಎಲೆಗೆ ಮೊದಲು ಕೈ ಹಾಕುತ್ತಾರೆ? ಬೇಸಿಗೆಯಲ್ಲಿ ತೋಡು ಒಣಗಿದಾಗ ಎಲ್ಲಿಗೆ ಹೋಗುತ್ತಾರೆ? ಅಡಿಕೆಗೆ ಬಿಟ್ಟ ಮದ್ದು ನೀರಿಗೆ ಬಂದರೆ ಅವರ ಗತಿ ಏನು? ಇಷ್ಟು ಕೇಳಿಕೊಂಡರೆ ಒಂದು ಜೀವಮಾನಕ್ಕೆ ಸಾಕಾಗುವಷ್ಟು ಕೆಲಸ ಇದೆ.

ಕೊಳೆಸುವವರಲ್ಲಿ ಮೊದಲಿಗರು ನೀರಿನ ಶಿಲೀಂಧ್ರಗಳು. ಅಣಬೆಯ ಹಾಗೆ ಇವು ಬರಿಗಣ್ಣಿಗೆ ಕಾಣುವುದಿಲ್ಲ. ಹರಿಯುವ ನೀರಿಗೆ ಬಿದ್ದ ಎಲೆಯ ಒಳಗೆ ಸಪೂರ ಎಳೆಗಳನ್ನು ಬಿಟ್ಟುಕೊಂಡು ಬದುಕುತ್ತವೆ. ಬೀಜಕಣ ಬಿಡುವುದೂ ನೀರಿನೊಳಗೇ. ಆ ಬೀಜಕಣದ ಆಕಾರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಷ್ಟೋ ಜಾತಿಗಳದ್ದು ನಾಲ್ಕು ಕೈ ಚಾಚಿ ನಿಂತ ಆಕಾರ. ಇನ್ನು ಕೆಲವು ಉದ್ದಕ್ಕೆ, ಬಳುಕಿಕೊಂಡು ಇರುತ್ತವೆ. ನಾಲ್ಕು ಕೈ ಇರುವುದು ಸುಮ್ನೆ ಅಲ್ಲ. ಉರುಟು ಬೀಜಕಣ ಎಲೆಗೆ ತಾಗಿದರೂ ಹರಿವಿನಲ್ಲಿ ಜಾರಿ ಹೋಗುತ್ತದೆ. ನಾಲ್ಕು ಕೈಯದ್ದು ಹೇಗೆ ಬಿದ್ದರೂ ಮೂರು ತುದಿ ಊರಿ ನಿಲ್ಲುತ್ತದೆ, ಆ ತುದಿಗಳಿಂದ ಅಂಟು ಬಿಟ್ಟು ಎಲೆಯನ್ನು ಹಿಡಿದುಕೊಳ್ಳುತ್ತದೆ. ಈವರೆಗೆ ಗುರುತಿಸಿರುವುದು ಸುಮಾರು 300 ಜಾತಿ.

1942ರಲ್ಲಿ ಇಂಗ್ಲೆಂಡಿನ ಸಿ.ಟಿ. ಇಂಗೋಲ್ಡ್ ಎನ್ನುವವರು ಅಲ್ಲಿನ ಒಂದು ಸಣ್ಣ ಹಳ್ಳದಲ್ಲಿ, ಆಲ್ಡರ್ ಮರದ ಕೊಳೆತ ಎಲೆಗಳ ಮೇಲೆ ಈ ಗುಂಪು ಇರುವುದನ್ನು ಚಿತ್ರ ಸಮೇತ ಬರೆದರು. ಹಾಗಾಗಿ ಇಂಗೋಲ್ಡಿಯನ್ ಶಿಲೀಂಧ್ರ ಎಂದೂ ಇವನ್ನು ಕರೆಯುತ್ತಾರೆ. ನಮ್ಮ ಕಡೆ ಈ ಕೆಲಸ ಗಟ್ಟಿಯಾಗಿ ನೆಲೆಯೂರಿದ್ದು ಮಂಗಳೂರಿನ ಕೊಣಾಜೆಯಲ್ಲಿ. ಕೊಣಾಜೆಯ ತೋಡಿನಲ್ಲಿ ಯಾವ ಕಾಲಕ್ಕೆ ಯಾವ ಶಿಲೀಂಧ್ರ ಸಿಗುತ್ತದೆ ಎನ್ನುವುದನ್ನು ಕೆ.ಆರ್. ಶ್ರೀಧರ್ ಮತ್ತು ಕೆ.ಎಂ. ಕಾವೇರಿಯಪ್ಪ 1984ರಲ್ಲೇ ಪ್ರಕಟಿಸಿದ್ದರು. ಎಂ.ಎಸ್ಸಿ. ಓದುವಾಗ ಆ ಪ್ರಬಂಧ ಕೈಗೆ ಬಂದಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ಅಲ್ಲಿಯವರೆಗೆ ಓದಿದ್ದೆಲ್ಲ ಮಂಜು ಬೀಳುವ ಊರಿನ ಹಳ್ಳಗಳ ಕತೆ. ಇಲ್ಲಿ ನಮ್ಮ ಮುರಕಲ್ಲು (ಜಂಬಿಟ್ಟಿಗೆ), ನಮ್ಮ ಮಳೆ, ನಾನು ಕಾಲು ತೊಳೆದು ಬೆಳೆದಂಥದ್ದೇ ತೋಡು. ಹಾಗಾದರೆ ನಮ್ಮ ಮನೆಯ ತೋಡಿನಲ್ಲೂ ಇರಬೇಕಲ್ವಾ ಎಂದು ಅನಿಸಿದ್ದೇ ನನ್ನ ಕೆಲಸದ ಶುರು.

ನಮ್ಮ ಮನೆ ಎಂದರೆ ತಾಯಿಯ ಮನೆ. ಹೆಬ್ರಿಯ ಹತ್ತಿರ, ಆಗುಂಬೆ ಘಾಟಿಯ ಬುಡದಲ್ಲಿದೆ. ನಮ್ಮದು ಅಳಿಯಕಟ್ಟಿನ ಕುಟುಂಬ, ಬಳಿ (ಗೋತ್ರದ ಹಾಗೆ ವಂಶದ ಗುರುತು) ಬರುವುದು ತಾಯಿಯಿಂದ. ಅಪ್ಪನ ಊರು ಕಾರ್ಕಳದ ಆಚೆ ಇದ್ದರೂ ನಾಗನಿಗೆ ತನು (ಹಾಲು, ಎಳನೀರು) ಹಾಕಲು, ಮನೆಯ ದೈವವಾದ ಭೂತಕ್ಕೆ ತಂಬಿಲದ ಪೂಜೆ ಕೊಡಲು ಎಲ್ಲರೂ ಬಂದು ಸೇರುವುದು ಇಲ್ಲಿಗೇ. ಹಿಂದೆ ಗುಡ್ಡೆ, ಮುಂದೆ ಅಡಿಕೆ ತೋಟ, ತೋಟದ ಕೆಳಗೆ ಬೈಲುಗದ್ದೆ. ಗುಡ್ಡೆಯಿಂದ ಇಳಿಯುವ ತೋಡು ತೋಟದ ಬದಿಯಲ್ಲೇ ಹರಿದು, ಬೈಲು ದಾಟಿ ಸೀತಾನದಿಗೆ ಸೇರುತ್ತದೆ. ಈಗ ಮನೆ ನೋಡಿಕೊಳ್ಳುತ್ತಿರುವುದು ನನ್ನ ದೊಡ್ಡ ಮಾವ.

ಆ ಮನೆಯಲ್ಲಿ ಎಲೆಯನ್ನು ಯಾರೂ ಕಸ ಎಂದು ನೋಡಿದವರಲ್ಲ. ಬೇಸಿಗೆ ಬಂತೆಂದರೆ ಅಜ್ಜಿ, ಅಮ್ಮ, ಕೆಲಸಕ್ಕೆ ಬರುವ ಹೆಂಗಸರು ಎಲ್ಲ ಕುಮ್ಕಿ ಗುಡ್ಡೆಗೆ (ಜಮೀನಿಗೆ ತಾಗಿದ ಸರಕಾರಿ ಗುಡ್ಡೆಗೆ) ಹೋಗಿ ತರಗೆಲೆ ಗುಡಿಸಿ ತರುತ್ತಿದ್ದರು. ಹೆಡಿಗೆಯ ಬಾಯಿಗಿಂತ ಒಂದು ಮೊಳ ಮೇಲೆ ಬರುವ ಹಾಗೆ ಕಾಲಲ್ಲಿ ಒತ್ತಿ ತುಂಬಿಸಬೇಕು. ಮಳೆಗಾಲಕ್ಕೆ ಹಸಿ ಸೊಪ್ಪು. ಎರಡೂ ಹೋಗುವುದು ಹಟ್ಟಿಗೆ, ದನದ ಕಾಲಡಿಗೆ. ಅಲ್ಲಿ ತುಳಿಸಿಕೊಂಡು, ಸೆಗಣಿ, ಗಂಜಲ ಕುಡಿದು, ಗೊಬ್ಬರದ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಅಡಿಕೆ ಬುಡಕ್ಕೆ, ಗದ್ದೆಗೆ. ಕುಮ್ಕಿ ಹಕ್ಕು ಎಂದು ಇಟ್ಟದ್ದೇ ಈ ಸೊಪ್ಪು, ತರಗೆಲೆ, ಮೇವಿಗಾಗಿ. ಕೃಷಿ ನಿಂತಿದ್ದೇ ಗುಡ್ಡೆಯ ಎಲೆಯ ಮೇಲೆ.

ಯಾವ ಎಲೆ ಎಷ್ಟು ದಿನಕ್ಕೆ ಗೊಬ್ಬರವಾಗುತ್ತದೆ ಎನ್ನುವ ಲೆಕ್ಕ ಅಜ್ಜಿಗೆ ಪಕ್ಕಾ ಇತ್ತು. ಅತ್ತಿ, ಹೊಂಗೆ ಬೇಗ. ಹಲಸು ನಡುವೆ. ಗೇರಿನದ್ದು ತಡ. "ಗೇರಿನ ಎಲೆ ಮೇಲೆ ಹಾಕಬೇಡ, ಅಡಿಗೆ ಹಾಕು. ಅದಕ್ಕೆ ಸಮಯ ಉಂಟು" ಎನ್ನುತ್ತಿದ್ದರು. ಮುಂದೆ ಗೇರಿನ ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಜಾಸ್ತಿ, ಶಿಲೀಂಧ್ರಕ್ಕೆ ಅದು ಸುಲಭದ ಊಟ ಅಲ್ಲ ಎಂದು ಪುಸ್ತಕದಲ್ಲಿ ಓದಿದೆ. ನನ್ನ ಮೊದಲ ಪ್ರಯೋಗಕ್ಕೆ ಎಲೆಗಳನ್ನು ಆರಿಸಿದ್ದು ಅಜ್ಜಿಯ ಈ ಪಟ್ಟಿಯಿಂದಲೇ: ಬೇಗ ಕೊಳೆಯುವುದಕ್ಕೆ ಅತ್ತಿ, ನಡುವಿನದ್ದಕ್ಕೆ ಹಲಸು, ತಡದ್ದಕ್ಕೆ ಗೇರು.

ಕೆಲಸ ಮಾಡುವ ಕ್ರಮ ಕಷ್ಟದ್ದೇನೂ ಅಲ್ಲ, ತಾಳ್ಮೆ ಬೇಕು ಅಷ್ಟೇ. ಉದುರಿದ ಎಲೆಗಳನ್ನು ಆರಿಸಿ, ಒಣಗಿಸಿ, ಐದೈದು ಗ್ರಾಂ ತೂಗಿ ನೈಲಾನ್ ಬಲೆಯ ಚೀಲಗಳಿಗೆ ತುಂಬಿಸಬೇಕು. ಅರ್ಧ ಚೀಲಗಳ ಬಲೆಯ ಕಣ್ಣು ದೊಡ್ಡದು, ಹುಳಗಳು ಒಳಗೆ ಹೋಗಬಹುದು. ಇನ್ನರ್ಧದ ಕಣ್ಣು ಸಣ್ಣದು, ಹುಳಗಳು ಹೋಗಲಾರವು, ಶಿಲೀಂಧ್ರಕ್ಕೆ ಮಾತ್ರ ದಾರಿ. ಎರಡನ್ನೂ ತೋಡಿನಲ್ಲಿ ಮುಳುಗಿಸಿ ಕಟ್ಟಬೇಕು. ಎರಡು ವಾರಕ್ಕೊಮ್ಮೆ ಕೆಲವನ್ನು ಎತ್ತಿ ತಂದು, ಮೆಲ್ಲಗೆ ತೊಳೆದು, ಒಣಗಿಸಿ ತೂಗಿದರೆ ಎಷ್ಟು ಕರಗಿತು ಎಂದು ತಿಳಿಯುತ್ತದೆ. ಒಣಗಿಸುವ ಮೊದಲು ಸ್ವಲ್ಪ ಎಲೆಯನ್ನು ಬೇರೆ ಇಟ್ಟುಕೊಳ್ಳಬೇಕು. ಅದನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಹಾಕಿ, ಮೀನಿನ ತೊಟ್ಟಿಗೆ ಬಳಸುವ ಪುಟ್ಟ ಪಂಪಿನಿಂದ ಎರಡು ದಿನ ಗಾಳಿ ಬಿಡುತ್ತೇವೆ. ನೀರು ಅಲ್ಲಾಡಿದರೆ ಹಳ್ಳ ಹರಿದಂತೆಯೇ ಶಿಲೀಂಧ್ರಕ್ಕೆ. ಬೀಜಕಣ ಬಿಡಲು ಶುರು ಮಾಡುತ್ತದೆ. ಆ ನೀರನ್ನು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ, ಕಾಟನ್ ಬ್ಲೂ ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಒಂದೊಂದನ್ನೇ ಗುರುತಿಸಿ ಎಣಿಸುವುದು. ಎಣಿಸುವ ಕೆಲಸಕ್ಕೇ ದಿನ ಹೋಗುತ್ತದೆ.

ನಮ್ಮ ಕಡೆಯ ನಿಜವಾದ ತೊಂದರೆ ಮಳೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ರಾತ್ರಿ ಜೋರಾಗಿ ಹೊಯ್ದರೆ ಸಾಕು, ಬೆಳಿಗ್ಗೆ ತೋಡಿನಲ್ಲಿ ಚೀಲ ಇಲ್ಲ, ಕಟ್ಟಿದ ಕಲ್ಲೂ ಇಲ್ಲ. ಹೊರದೇಶದ ಪ್ರಬಂಧಗಳಲ್ಲಿ ಕಬ್ಬಿಣದ ಸರಳು ಹೊಡೆದು ಕಟ್ಟಿ ಎಂದಿರುತ್ತದೆ. ನಮ್ಮ ಮುರಕಲ್ಲಿನ ಮೇಲೆ ಸರಳು ಇಳಿಯುವುದಿಲ್ಲ. ಕೊನೆಗೆ ದಾರಿ ತೋರಿಸಿದ್ದು ಮಾವ. ಬದಿಯ ಮರದ ಬೇರಿಗೆ ಹಗ್ಗ ಹಾಕಿ, ಹಗ್ಗವನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಟ್ಟರೆ ಚೀಲ ನೀರಿನ ಜೊತೆ ಆಡುತ್ತದೆ, ತುಂಡಾಗುವುದಿಲ್ಲ ಎಂದರು. ಬೇಸಿಗೆಗೆ ತೋಡಿಗೆ ಕಟ್ಟ ಕಟ್ಟಿ, ಮಳೆಗೆ ಬಿಚ್ಚಿ, ನೀರಿನ ಒತ್ತಡವನ್ನು ಕೈಯಲ್ಲೇ ತಿಳಿದವರ ಮಾತು ಅದು. ಆಮೇಲೂ ಕೆಲವು ಹೋದವು. ಆದರೆ ಕೆಳಗಿನ ಬೈಲಿನವರು ಗದ್ದೆಯಲ್ಲಿ ಸಿಕ್ಕಿದ ಚೀಲಗಳನ್ನು ತಂದು ಅಂಗಳದಲ್ಲಿ ಇಟ್ಟು ಹೋಗುತ್ತಿದ್ದರು. ಅದರ ಮೇಲಿನ ನಂಬರಿನ ಚೀಟಿ ನೋಡಿ ಇದು ನಮ್ಮ ಮನೆಯ ಹುಡುಗಿಯ ಕೆಲಸ ಎಂದು ಅವರಿಗೂ ಗೊತ್ತಾಗಿತ್ತು.

ದೊಡ್ಡ ಕಣ್ಣಿನ ಬಲೆಗೂ ಸಣ್ಣ ಕಣ್ಣಿನದ್ದಕ್ಕೂ ಇರುವ ವ್ಯತ್ಯಾಸ ನೋಡಿದರೆ ಈ ಶಿಲೀಂಧ್ರಗಳ ಬೆಲೆ ಅರ್ಥವಾಗುತ್ತದೆ. ತೋಡಿನ ಎಷ್ಟೋ ಹುಳಗಳು, ಸಣ್ಣ ಸಿಗಡಿಗಳು ಎಲೆ ತಿಂದು ಬದುಕುತ್ತವೆ. ಆದರೆ ಹೊಸದಾಗಿ ಬಿದ್ದ ಎಲೆಯನ್ನು ಅವು ಇಷ್ಟಪಡುವುದಿಲ್ಲ. ಬರೀ ಗಂಜಿ ಕುಡಿದು ದಿನವಿಡೀ ಗದ್ದೆಯಲ್ಲಿ ದುಡಿಯಲು ಆಗುತ್ತದಾ? ಜೊತೆಗೆ ಹುರುಳಿಯದ್ದೋ ಹೆಸರಿನದ್ದೋ ಒಂದು ಪಲ್ಯ ಬೇಕು. ಎಲೆಗೆ ಆ ಪಲ್ಯ ಸೇರಿಸುವುದು ಶಿಲೀಂಧ್ರ. ಎಲೆಯನ್ನು ಮೆತ್ತಗೆ ಮಾಡುತ್ತದೆ, ತನ್ನ ಮೈಯ ಪ್ರೋಟೀನನ್ನೂ ಕೊಡುತ್ತದೆ. ಹುಳ ಅದನ್ನು ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ. ಮರಗಳ ನೆರಳಿನ ತೋಡಿಗೆ ಬಿಸಿಲು ಬೀಳುವುದೇ ಕಡಿಮೆ, ಪಾಚಿ ಹೆಚ್ಚು ಬೆಳೆಯುವುದಿಲ್ಲ. ಅಲ್ಲಿನ ಬದುಕೆಲ್ಲ ಮೇಲಿಂದ ಬೀಳುವ ಎಲೆಯನ್ನೇ ನಂಬಿಕೊಂಡಿರುತ್ತದೆ.

ಎಲೆ ಚೀಲದ ತಾಪತ್ರಯ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ನನಗೆ ಬಹಳ ಪ್ರೀತಿಯದ್ದು ಅದೇ. ಮಳೆಗಾಲದಲ್ಲಿ ತೋಡು ಕಲ್ಲಿನಿಂದ ಕಲ್ಲಿಗೆ ಧುಮುಕುವ ಕಡೆ, ಬೇರುಗಳ ಸಂದಿಯಲ್ಲಿ ನೊರೆ ಕಟ್ಟಿ ನಿಲ್ಲುತ್ತದೆ. ಎಲೆಗಳಿಂದ ಬಿಟ್ಟ ರಸ ನೀರಿನಲ್ಲಿ ಕರಗಿ, ಗಾಳಿ ಸೇರಿ ಆಗುವ ನೊರೆ. ಸೋಪಿನ ನೊರೆಯ ಬಿಳುಪು ಅದಕ್ಕೆ ಇರುವುದಿಲ್ಲ. ಕೆನೆ ಬಣ್ಣ, ಹಳೆಯದಾದರೆ ಕಂದು, ಮೂಸಿದರೆ ಮಣ್ಣಿನ ವಾಸನೆ. ನಾಲ್ಕು ಕೈಯ ಬೀಜಕಣಗಳು ಗುಳ್ಳೆಗಳಿಗೆ ಸಿಕ್ಕಿಕೊಂಡು ಅಲ್ಲೇ ಸೇರುತ್ತಾ ಹೋಗುತ್ತವೆ. ಅಗಲ ಬಾಯಿಯ ಬಾಟಲಿಗೆ ಚಮಚದಲ್ಲಿ ನೊರೆಯನ್ನು ಎತ್ತಿಕೊಂಡು, ಅದು ಇಳಿದು ನೀರಾದ ಮೇಲೆ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿಟ್ಟರೆ ಸಾಕು. ತಡ ಮಾಡಬಾರದು, ಕೆಲವು ಗಂಟೆಗಳಲ್ಲೇ ಅವು ಮೊಳೆಯುತ್ತವೆ, ಆಮೇಲೆ ಆಕಾರ ಗುರುತು ಸಿಗುವುದಿಲ್ಲ. ಪ್ರಯೋಗಾಲಯಕ್ಕೆ ಒಯ್ಯುವುದಿದ್ದರೆ ಸ್ವಲ್ಪ ಫಾರ್ಮಲಿನ್ ಹಾಕುತ್ತೇವೆ. ಹೈಸ್ಕೂಲಿನ ಸಾಧಾರಣ ಮೈಕ್ರೋಸ್ಕೋಪಿನಲ್ಲೂ ಇವು ಕಾಣುತ್ತವೆ. ಕರಾವಳಿಯ, ಮಲೆನಾಡಿನ ವಿಜ್ಞಾನ ಮೇಷ್ಟ್ರುಗಳು, ಟೀಚರುಗಳು ಜೂನ್ ಮುಗಿಯುವುದರೊಳಗೆ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಲೇಬೇಕು ಎನ್ನುವುದು ನನ್ನ ಆಸೆ.

ನಮ್ಮ ತೋಡಿನ ನೊರೆಯಲ್ಲಿ ನಾನು ಮೊದಲು ಗುರುತಿಸಿದ್ದು ಟ್ರಿಸೆಲೋಫೋರಸ್. ನಡುವೆ ಒಂದು ನೆಟ್ಟಗಿನ ಕಡ್ಡಿ, ಅದರ ಬುಡದ ಹತ್ತಿರದಿಂದ ಮೂರು ಕೈ. ಕೈಯ ಒಳಗೆ ಅಡ್ಡ ಗೋಡೆಗಳು, ತುದಿಗೆ ಹೋದಂತೆ ಸಪೂರ. ಪಕ್ಕದಲ್ಲಿ ಬಿದಿಗೆ ಚಂದ್ರನ ಆಕಾರದ ಲುನುಲೋಸ್ಪೋರಾ. ಅಡ್ಡಕ್ಕೆ ಬಿದ್ದುಕೊಂಡಿದ್ದ ಉದ್ದದ್ದು ಆಂಗ್ವಿಲ್ಲೋಸ್ಪೋರಾ. ಚಿತ್ರದಲ್ಲಿ ನೋಡಿದ್ದೆಲ್ಲ ನಮ್ಮ ತೋಡಿನ ಒಂದು ಹನಿಯಲ್ಲಿ. ಅಜ್ಜಿಯನ್ನು ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿ, "ಇದೆಲ್ಲ ಮೊದಲಿಂದಲೂ ಇದ್ದದ್ದಾ?" ಎಂದು ಕೇಳಿದರು. ಹೌದಜ್ಜಿ ಎಂದೆ. "ಹಾಗಾದರೆ ಹಟ್ಟಿಯ ಗೊಬ್ಬರದಲ್ಲಿ ಯಾರಿದ್ದಾರೆ ಅದನ್ನೂ ನೋಡು" ಎಂದರು. ಪಿಎಚ್‌ಡಿ ಮುಗಿಸಿದ ಮೇಲೆ ಅದನ್ನೂ ನೋಡಿದೆ. ಅಲ್ಲಿರುವವರೇ ಬೇರೆ, ಬಿಸಿ ತಡೆಯುವ ಜಾತಿಗಳು. ಆ ಕತೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ತಾಮ್ರದ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸವೂ ನನ್ನ ಮನೆಯೂ ಎದುರುಬದುರು ನಿಂತದ್ದು ಇಲ್ಲಿ.

ಅಡಿಕೆ ಬೆಳೆಯುವವರಿಗೆ ಮಳೆಗಾಲದ ಭಯ ಕೊಳೆರೋಗ. ಮಳೆ ಹಿಡಿದುಕೊಂಡರೆ ಎಳೆಕಾಯಿ ಕೊಳೆತು, ಬಿಳಿ ಬೂಸು ಹಿಡಿದು ಗೊನೆಗೊನೆಯೇ ಉದುರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದಿಂದ ತಡೆಯಬಹುದು ಎಂದು ತೋರಿಸಿಕೊಟ್ಟರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಆ ಮದ್ದು ಇವತ್ತಿಗೂ ನಮ್ಮ ಅಡಿಕೆಯನ್ನು ಕಾಯುತ್ತಿದೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯದ್ದೂ ಬೇಕು.

ಮಾವ ಮದ್ದು ಕಲಸುವುದನ್ನು ನೋಡುವುದು ಚಂದ. ಮೈಲುತುತ್ತನ್ನು ಹಿಂದಿನ ರಾತ್ರಿಯೇ ಗೋಣಿತುಂಡಿನಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟಿರುತ್ತಾರೆ. ಪಾತ್ರೆ ಕಬ್ಬಿಣದ್ದಾಗಬಾರದು. ಬೆಳಿಗ್ಗೆ ಸುಣ್ಣದ ತಿಳಿಗೆ ತುತ್ತಿನ ನೀರನ್ನು ನಿಧಾನವಾಗಿ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸುತ್ತಾರೆ. ಸುಣ್ಣವನ್ನು ತುತ್ತಿಗೆ ಹೊಯ್ಯುವುದಿಲ್ಲ, ಈ ಕ್ರಮ ತಪ್ಪಬಾರದು. ತಿಳಿ ನೀಲಿ ಬಣ್ಣ ಬಂದ ಮೇಲೆ ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೂ ತಾಮ್ರ ಬಿಡುವಾಗಿ ಇದೆ ಎಂದರ್ಥ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುತ್ತಾರೆ. ಅಲಗು ಹಾಗೇ ಹೊಳೆದರೆ ಮದ್ದು ಹದ. ರಸಾಯನಶಾಸ್ತ್ರದ ಎಷ್ಟು ಒಳ್ಳೆಯ ಪಾಠ ಅದು!

ಆದರೆ ಈ ಎಲ್ಲ ಕೆಲಸ ನಡೆಯುತ್ತಿದ್ದದ್ದು ತೋಡಿನ ಬದಿಯಲ್ಲಿ. ನೀರು ಇರುವುದು ಅಲ್ಲಿ ತಾನೇ. ಉಳಿದ ಮದ್ದು, ಡ್ರಮ್ಮು ತೊಳೆದ ನೀರು, ಪಂಪಿಗೆ ಬಿಟ್ಟು ತೆಗೆದ ನೀರು ಎಲ್ಲ ತೋಡಿಗೇ. ನಮ್ಮ ಮನೆ ಮಾತ್ರ ಅಲ್ಲ, ಉದ್ದಕ್ಕೂ ಎಲ್ಲ ತೋಟದವರದ್ದೂ ಇದೇ ರೂಢಿ. ತಾಮ್ರ ಈ ಶಿಲೀಂಧ್ರಗಳ ಬೀಜಕಣ ಬಿಡುವ ಶಕ್ತಿಯನ್ನು ಕುಗ್ಗಿಸುತ್ತದೆ, ಎಲೆ ಕೊಳೆಯುವುದನ್ನು ನಿಧಾನ ಮಾಡುತ್ತದೆ ಎನ್ನುವುದು ಪೋರ್ಚುಗಲ್‌ನ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ ವಿಷಯ. ಅದನ್ನು ಓದಿದ ಮೇಲೆ ಚೀಲಗಳನ್ನು ಎರಡು ಕಡೆ ಕಟ್ಟಲು ಶುರು ಮಾಡಿದೆ. ಒಂದಷ್ಟು ತೋಟದ ಮೇಲೆ, ಗುಡ್ಡೆಯ ಬುಡದಲ್ಲಿ. ಒಂದಷ್ಟು ಮದ್ದು ಕಲಸುವ ಜಾಗದ ಕೆಳಗೆ. ಮದ್ದು ಬಿಡುವ ದಿನಗಳ ನಂತರ ಕೆಳಗಿನ ಚೀಲಗಳ ಎಲೆಯಲ್ಲಿ ಬೀಜಕಣ ಕಡಿಮೆ, ಜಾತಿಗಳೂ ಕಡಿಮೆ. ಇದಕ್ಕೆ ತಾಮ್ರ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಕೆಳಗೆ ಹಟ್ಟಿಯ ನೀರೂ ಬಂದು ಸೇರುತ್ತದೆ, ಬಿಸಿಲೂ ಜಾಸ್ತಿ. ಒಂದು ತೋಡು ನೋಡಿ ಊರಿಗೆಲ್ಲ ತೀರ್ಪು ಕೊಡಲಾಗದು. ಆದರೂ ಮಾವನ ಹತ್ತಿರ ಮಾತಾಡದೆ ಇರಲು ನನಗೆ ಆಗಲಿಲ್ಲ.

"ಮಾವ, ಮದ್ದು ಕಲಸುವ ಡ್ರಮ್ಮನ್ನು ತೋಡಿನ ಬದಿಯಿಂದ ತೆಗೆಯಬಹುದಾ?"

"ಮೇಲೆ ಇಟ್ಟರೆ ಅಷ್ಟು ನೀರು ಹೊತ್ತುಕೊಂಡು ಹತ್ತುವವರು ಯಾರು ಮಗಾ?"

"ತೋಡಿನಲ್ಲಿ ಎಲೆ ಕೊಳೆಯುವುದು ನಿಲ್ಲುತ್ತದೆ ಮಾವ."

"ಅಡಿಕೆ ಕೊಳೆಯುವುದು ನಿಲ್ಲಬೇಕಲ್ಲ ಮೊದಲು. ವರ್ಷದ ಅನ್ನ ಅದು."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕಾಲೇಜಿನ ಫೀಸು, ಹಾಸ್ಟೆಲಿನ ಖರ್ಚು ಎಲ್ಲ ಹುಟ್ಟಿದ್ದು ಅದೇ ಅಡಿಕೆಯಿಂದ, ಅದೇ ಮೈಲುತುತ್ತು ಕಾಪಾಡಿದ ಅಡಿಕೆಯಿಂದ. ಮದ್ದು ಬಿಡಬೇಡಿ ಎಂದು ನಾನು ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ. ನಗರದಲ್ಲಿ ಕೂತು ರೈತನಿಗೆ ಬುದ್ಧಿ ಹೇಳುವವರ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಕೊಳೆ ಬಂದ ವರ್ಷ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಎಷ್ಟು ಕಡಿಮೆ ಇರುತ್ತದೆ ಎಂದು ಅವರು ಬಂದು ನೋಡಬೇಕು. ನಾನು ಕೇಳಿದ್ದು ಉಳಿದ ಮದ್ದಿನ ಬಗ್ಗೆ ಮಾತ್ರ. ಎಲೆ ಇವತ್ತಲ್ಲ ನಾಳೆ ಕೊಳೆತು ಹೋಗುತ್ತದೆ, ತಾಮ್ರಕ್ಕೆ ಆ ಗುಣ ಇಲ್ಲ. ಅದು ಒಡೆದು ಇನ್ನೊಂದಾಗುವುದಿಲ್ಲ. ತೋಟದ ಮಣ್ಣಿನಲ್ಲೋ ತೋಡಿನ ಕೆಸರಿನಲ್ಲೋ ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ.

ಮುಂದಿನ ಸಲ ಹೋಗುವಾಗ ಮೈಕ್ರೋಸ್ಕೋಪನ್ನೇ ಕಟ್ಟಿಕೊಂಡು ಹೋದೆ. ಚಾವಡಿಯ ಮೇಜಿನ ಮೇಲೆ ಇಟ್ಟು ಎರಡು ಸ್ಲೈಡು ಮಾಡಿದೆ. ಒಂದು ಗುಡ್ಡೆಯ ಬುಡದ ನೊರೆ, ಇನ್ನೊಂದು ತೋಟದ ಕೆಳಗಿನದ್ದು. ಯಾವುದು ಯಾವುದೆಂದು ಹೇಳಲಿಲ್ಲ. ಮಾವ ಕನ್ನಡಕ ತೆಗೆದು, ತಿರುಗಿಸುವ ಗುಂಡಿಯನ್ನು ತಾವೇ ಹಿಡಿದು, ಒಂದೊಂದನ್ನೇ ನೋಡಿದರು. ಮೊದಲನೆಯದರಲ್ಲಿ ಅಲ್ಲಲ್ಲಿ ಬೆರಳು ತೋರಿಸಿ ಇದು ಯಾವುದು, ಅದು ಯಾವುದು ಎಂದು ಕೇಳಿದರು. ಎರಡನೆಯದಕ್ಕೆ ಬಂದಾಗ ಸ್ಲೈಡನ್ನು ಆಚೆ ಈಚೆ ಸರಿಸುತ್ತಾ ಹುಡುಕಿದರು. "ಇದು ನಮ್ಮ ಡ್ರಮ್ಮಿನ ಕೆಳಗಿನದ್ದಲ್ವಾ?" ಎಂದರು. ಹೌದು ಎಂದೆ. ಆಮೇಲೆ ಅವರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ: "ಕೊಳೆರೋಗದ್ದೂ ಇವರ ಜಾತಿಯವರೇ ಅಲ್ವಾ? ಅವನನ್ನು ಕೊಲ್ಲುವಾಗ ಇವನೂ ಸಾಯುವುದೇ."

ಇಲ್ಲಿ ಒಂದು ಸ್ವಾರಸ್ಯ ಇದೆ. ಕೊಳೆರೋಗ ತರುವ ಫೈಟಾಫ್ತೋರಾ ನೋಡಲು ಶಿಲೀಂಧ್ರದ ಹಾಗೇ ಇದ್ದರೂ ಆ ಬಳಿಯದ್ದೇ ಅಲ್ಲ. ಅದಕ್ಕೆ ಹತ್ತಿರದ ನೆಂಟರು ಸಮುದ್ರದ ಕಂದು ಪಾಚಿಗಳು, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು. ಅದರ ಬೀಜಕಣಗಳಿಗೆ ಬಾಲ ಇದೆ, ಎಲೆಯ ಮೇಲಿನ ಮಳೆಹನಿಯಲ್ಲಿ ಈಜುತ್ತವೆ. ನನ್ನ ನಾಲ್ಕು ಕೈಯ ಶಿಲೀಂಧ್ರಗಳದ್ದು ಇನ್ನೊಂದು ಕತೆ. ಆಕಾರ ನೋಡಿ ಇವೆಲ್ಲ ಒಂದೇ ಮನೆಯವರು ಎಂದು ಹಿಂದಿನವರು ಅಂದುಕೊಂಡಿದ್ದರು. ಡಿಎನ್‌ಎ ಓದಲು ಶುರು ಮಾಡಿದ ಮೇಲೆ ತಿಳಿಯಿತು, ಇವು ಬೇರೆ ಬೇರೆ ವಂಶದಿಂದ ಬಂದವು. ಕೆಲವಂತೂ ಕೊಡೆ ಅಣಬೆಗಳ ಕಡೆಯ ನೆಂಟರು. ಹರಿಯುವ ನೀರು ಕೇಳುವುದು ಒಂದೇ ಆಕಾರ, ಅದನ್ನು ಎಷ್ಟೋ ವಂಶಗಳು ಪ್ರತ್ಯೇಕವಾಗಿ ಕಂಡುಕೊಂಡಿವೆ. ಮಾವನಿಗೆ ಹೀಗೇ ಹೇಳಿದೆ. ಬಳಿ ಕೇಳದೆ ಸಂಬಂಧ ಮಾಡದ ಊರಿನವರು ನಾವು. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಬಳಿ ಎನ್ನಲಾಗದು ಎನ್ನುವುದು ಅವರಿಗೆ ಎರಡು ಮಾತಿನಲ್ಲಿ ಅರ್ಥವಾಯಿತು. ತರಗತಿಯಲ್ಲಿ ಇದನ್ನೇ ಅರ್ಥ ಮಾಡಿಸಲು ನನಗೆ ಒಂದು ಇಡೀ ಗಂಟೆ ಬೇಕಾಗುತ್ತದೆ.

ಆ ವರ್ಷವೇ ಡ್ರಮ್ಮು ಮೇಲೆ ಹೋಯಿತು. ಗುಡ್ಡೆಯ ಬದಿಯ ಮದಗದಿಂದ ಪೈಪು ಎಳೆದರು, ನೀರು ತಾನಾಗಿ ಇಳಿಯುತ್ತದೆ, ಹೊರುವ ಕೆಲಸ ಇಲ್ಲ. ಉಳಿದ ಮದ್ದಿಗೆ, ತೊಳೆದ ನೀರಿಗೆ ತೋಡಿನಿಂದ ದೂರ ಒಂದು ಗುಂಡಿ ತೋಡಿ ತರಗೆಲೆ, ಹಳೆ ಗೊಬ್ಬರ ತುಂಬಿಸಿದೆವು. ಕೊಳೆತ ಎಲೆಗೆ, ಸೆಗಣಿಗೆ ತಾಮ್ರ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೇಗ ಹರಿದು ಹೋಗುವುದಿಲ್ಲ. ಆ ಗುಂಡಿಯ ಗೊಬ್ಬರವನ್ನು ತೋಟಕ್ಕೆ ಹಾಕುವಂತಿಲ್ಲ ಎಂದು ಕೆಲಸದವರಿಗೂ ಹೇಳಿದ್ದೇವೆ. ಪಕ್ಕದ ಎರಡು ಮನೆಯವರು ಬಂದು ನೋಡಿ ಹೋಗಿದ್ದಾರೆ. ಒಬ್ಬರು ಹಾಗೇ ಮಾಡಿಕೊಂಡರು. ಕೆಳಗಿನ ಚೀಲಗಳಲ್ಲಿ ಈಗ ಬೀಜಕಣ ಹೆಚ್ಚುತ್ತಿದೆ. ಕೆಸರಿನಲ್ಲಿ ಹಳೆಯ ತಾಮ್ರ ಇದ್ದೇ ಇರುವುದರಿಂದ ಇದು ಪೂರ್ತಿ ಸರಿಯಾಗಲು ಕಾಲ ಬೇಕು. ಇನ್ನೂ ಹಲವು ಮಳೆಗಾಲ ನೋಡಬೇಕು.

ಹಲವು ಮಳೆಗಾಲ ಎಂದೆ. ಸಂಶೋಧನೆಯ ಬದುಕಿನಲ್ಲಿ ನನ್ನನ್ನು ತುಂಬಾ ಕಾಡುವುದು ಇದೇ. ಯೋಜನೆಗೆ ಹಣ ಸಿಗುವುದು ಎರಡು ವರ್ಷಕ್ಕೆ, ಮೂರು ವರ್ಷಕ್ಕೆ. ವಿದ್ಯಾರ್ಥಿಗೆ ಬೇಗ ಪ್ರಬಂಧ ಆಗಬೇಕು, ಕೆಲಸ ಸಿಗಬೇಕು. ಮಳೆಗೆ ಆ ಅವಸರ ಇಲ್ಲ. ಒಂದು ವರ್ಷ ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಕೂಡಲೇ ಹಿಡಿಯುತ್ತದೆ, ಇನ್ನೊಂದು ವರ್ಷ ಜೂನ್ ಅರ್ಧ ಕಳೆದರೂ ಇಲ್ಲ. ಎರಡು ವರ್ಷದ ಅಂಕಿ ಇಟ್ಟುಕೊಂಡು ತೋಡು ಹೀಗೆ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಣ ಇಲ್ಲದ ವರ್ಷವೂ ಚೀಲ ಕಟ್ಟಿದ್ದೇನೆ. ಬಲೆ, ಹಗ್ಗ, ಬಸ್ಸಿನ ಖರ್ಚು, ಅಷ್ಟೇ ತಾನೇ. ಮನೆಗೆ ಹೋದ ಹಾಗೂ ಆಗುತ್ತದೆ. ಅಮ್ಮ ನಾನು ಇಲ್ಲದಾಗ ತೋಡಿನ ನೀರಿನ ಮಟ್ಟವನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾರೆ. ಅವರ ಅಕ್ಷರದ ಆ ಅಂಕಿಗಳು ನನ್ನ ಒಂದು ಪ್ರಬಂಧದ ನಕ್ಷೆಯಲ್ಲಿ ಇವೆ. ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಹಾಕಿದೆ. ಸಹಲೇಖಕಿ ಎಂದೇ ಹಾಕಬೇಕಿತ್ತು ಎಂದು ನನ್ನ ವಿದ್ಯಾರ್ಥಿನಿ ಹೇಳುತ್ತಾಳೆ, ಅವಳ ಮಾತು ಸರಿ.

ಬೇಸಿಗೆಯಲ್ಲಿ ತೋಡು ಒಣಗಿದಾಗ ಶಿಲೀಂಧ್ರಗಳು ಎಲ್ಲಿಗೆ ಹೋಗುತ್ತವೆ ಎಂದು ಶುರುವಿನಲ್ಲಿ ಕೇಳಿದ್ದೆ. ಒಂದಷ್ಟು ಬದಿಯ ತೇವದ ಎಲೆಗಳಡಿ ಉಳಿಯುತ್ತವೆ. ಒಂದಷ್ಟು ಬದಿಯ ಮರಗಳ ಬೇರಿನೊಳಗೇ ಸೇರಿಕೊಂಡಿರುತ್ತವೆ. ಮರದ ಪೊಟರೆಯಲ್ಲಿ ನಿಂತ ನೀರಿನಲ್ಲೂ ಇವು ಸಿಕ್ಕಿವೆ, ಅದೂ ಕೊಣಾಜೆಯ ಸಂಶೋಧಕರು ತೋರಿಸಿದ್ದು. ಹಾಗಾಗಿ ನಾನು ನಮ್ಮ ನಾಗಬನದ ಹಳೆಯ ಮರಗಳ ಪೊಟರೆಯ ನೀರನ್ನೂ, ಹಿರಿಯರಿಗೆ ಹೇಳಿ, ಬರಿಗಾಲಲ್ಲಿ ಹೋಗಿ ತಂದು ನೋಡಿದೆ. ಅಲ್ಲಿ ಒಂದು ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಎಲೆ ಬಿದ್ದಲ್ಲೇ ಕೊಳೆಯುತ್ತದೆ. ಗುಡ್ಡೆಯ ತರಗೆಲೆಯನ್ನೆಲ್ಲ ಗುಡಿಸಿ ತಂದ ನಮ್ಮ ಅಜ್ಜಂದಿರು, ಅಜ್ಜಿಯಂದಿರು ಈ ಒಂದು ತುಂಡನ್ನು ಮಾತ್ರ ಮುಟ್ಟದೆ ಬಿಟ್ಟಿದ್ದರು. ನೀರಿನ ಶಿಲೀಂಧ್ರಗಳು ಅಲ್ಲೂ ಇದ್ದವು.

ಕೆಲವು ವರ್ಷದ ಹಿಂದೆ ಕುಟುಂಬದ ಸಭೆಯಲ್ಲಿ ಬನಕ್ಕೆ ಕಾಂಕ್ರೀಟು ಹಾಕಿ, ಟೈಲ್ಸ್ ಕೂರಿಸಿ ಚಂದ ಮಾಡುವ ಮಾತು ಬಂತು. ಬೇರೆ ಎಷ್ಟೋ ಕಡೆ ಹೀಗೆ ಆಗಿದೆ, ಮರ ಹೋಗಿ ಕಟ್ಟೆ ಮಾತ್ರ ಉಳಿದಿದೆ. ನಾನು ಎದ್ದು ನಿಂತು ಬೇಡ ಎಂದೆ. ಬನ ಅಂದರೆ ಮರ, ಬಳ್ಳಿ, ಎಲೆ, ಮಣ್ಣು, ಹುತ್ತ ಎಲ್ಲ ಸೇರಿದ್ದು. ನೆಲಕ್ಕೆ ಕಾಂಕ್ರೀಟು ಹಾಕಿದರೆ ಬೇರಿಗೆ ನೀರು ಇಳಿಯುವುದಿಲ್ಲ, ಕೆಲವೇ ವರ್ಷದಲ್ಲಿ ಹಳೆಯ ಮರಗಳು ಒಣಗುತ್ತವೆ. ನಾಗನಿಗೆ ತಂಪು ಬೇಕು ಎಂದು ತನು ಹಾಕುವವರು ನಾವೇ, ನೆರಳು ತೆಗೆಯುವವರೂ ನಾವೇ ಆಗುವುದು ಹೇಗೆ? ಸಭೆಯಲ್ಲಿ ಸಣ್ಣವರು ಇಷ್ಟು ಮಾತಾಡುವುದು ರೂಢಿ ಇಲ್ಲ. ಆದರೆ ಬಳಿ ಹೆಣ್ಣುಮಕ್ಕಳಿಂದ ಮುಂದೆ ಹೋಗುವ ಮನೆ ಅಲ್ವಾ, ಕೇಳಿಸಿಕೊಂಡರು. ಕಲ್ಲುಗಳಿರುವ ಕಟ್ಟೆಯನ್ನು ಮಾತ್ರ ಮುರಕಲ್ಲಿನಲ್ಲಿ ಸರಿ ಮಾಡಿದರು. ಉಳಿದದ್ದು ಇದ್ದ ಹಾಗೇ ಇದೆ.

ಗುಡ್ಡೆಯ ಮೇಲುಭಾಗ ಹಾಗೆ ಉಳಿದಿಲ್ಲ. ಹಿಂದೆ ಬೋಗಿ, ಹೆಬ್ಬಲಸು, ನೇರಳೆ ಇದ್ದ ಕಡೆ ಈಗ ಅಕೇಶಿಯಾ ಇದೆ, ಅದರಾಚೆ ರಬ್ಬರು. ಅಕೇಶಿಯಾದ್ದು ತೊಗಲಿನಂಥ ಎಲೆ. ತೋಡಿಗೆ ಬಿದ್ದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ರಬ್ಬರಿನ ಎಲೆ ಕೊಳೆಯುತ್ತದೆ, ಆದರೆ ವರ್ಷದಲ್ಲಿ ಒಮ್ಮೆಲೇ ಉದುರಿ ಮುಗಿಯುತ್ತದೆ. ಕಾಡಿನ ಮರಗಳು ಹಾಗಲ್ಲ. ಒಂದರದ್ದು ಉದುರಿ ಮುಗಿಯುವಾಗ ಇನ್ನೊಂದು ಶುರು. ಕೆಲವು ಬೇಗ ಕೊಳೆಯುತ್ತವೆ, ಕೆಲವು ತಡ. ತೋಡಿನ ಹುಳ, ಮೀನುಗಳಿಗೆ ವರ್ಷವಿಡೀ ಏನಾದರೊಂದು ಇರುತ್ತದೆ.

ತೋಡಿನ ಎರಡೂ ಬದಿಗೆ ಮರ ನೆಡುವ ವಿಚಾರ ತೆಗೆದದ್ದು ಮಾವನೇ. "ಯಾವ್ಯಾವುದು ಬೇಕು, ನಿನ್ನ ಲೆಕ್ಕದಲ್ಲಿ ಒಂದು ಪಟ್ಟಿ ಕೊಡು" ಎಂದರು. ಬೇಗ ಕೊಳೆಯುವುದಕ್ಕೆ ಅತ್ತಿ ಮತ್ತು ಹೊಂಗೆ, ತಡದ್ದಕ್ಕೆ ಹೊಳೆಮತ್ತಿ, ನಡುವೆ ನೇರಳೆ, ಹೊಳೆದಾಸವಾಳ ಎಂದು ಬರೆದುಕೊಟ್ಟೆ. ಮದ್ದು ಬಿಡುವಾಗ ತೋಟದ ತುಂತುರು ತೋಡಿಗೆ ಹಾರುವುದಕ್ಕೂ ಇವು ಅಡ್ಡ ನಿಲ್ಲುತ್ತವೆ. ಅಡಿಕೆಗೆ ನೆರಳು ಜಾಸ್ತಿಯಾಗದಂತೆ ತೋಟದ ಬದಿಯಲ್ಲಿ ಕುಳ್ಳಗಿನವು, ಆಚೆ ಬದಿಯಲ್ಲಿ ಎತ್ತರದವು. ನೆಡುವ ಮೊದಲಿನ ಲೆಕ್ಕ ಬೇಕೆಂದು ಈ ವರ್ಷ ಎರಡೂ ಬದಿಯಲ್ಲಿ ಎಷ್ಟು ಎಲೆ ಬೀಳುತ್ತದೆ ಎಂದು ಬಲೆ ಕಟ್ಟಿ ತೂಗುತ್ತಿದ್ದೇನೆ. ಅತ್ತಿ ಮತ್ತು ಹೊಂಗೆಯ ಗಿಡಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಿಕ್ಕಿವೆ. ನೇರಳೆಗೆ ಅಮ್ಮ ಮನೆಯಲ್ಲೇ ಬೀಜ ಹಾಕಿದ್ದಾರೆ. ಹೊಳೆಮತ್ತಿಗೆ ಇನ್ನೂ ಹುಡುಕುತ್ತಿದ್ದೇವೆ.